ವೀಡಿಯೋ ವಿಚಾರಣೆಯಲ್ಲಿ ಧ್ವನಿ ಕೇಳಿಸದಿದ್ದರೆ: ಬ್ರೌಸರಿನ ದೋಷ ಪತ್ತೆಗೆ ಒಂದು ಕ್ರಮ

ಹುಬ್ಬಳ್ಳಿ-ಧಾರವಾಡ ಅವಳಿನಗರಗಳ ನಡುವಿನ ಸತ್ತೂರದಲ್ಲಿ ಉದ್ದಿಮೆ ನಡೆಸುವವರು ತೆರಿಗೆ ವಿಚಾರಣೆಗೆಂದು ಹಿಂದೆ ನವನಗರದ ಆದಾಯ ತೆರಿಗೆ ಕಚೇರಿಗೋ ಬೆಳಗಾವಿಯ ಕೇಂದ್ರ ತೆರಿಗೆ ಆಯುಕ್ತಾಲಯಕ್ಕೋ ಖುದ್ದಾಗಿ ತೆರಳಬೇಕಾಗಿತ್ತು. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಶುಲ್ಕ ಮಂಡಳಿಯು 2020ರ ಆಗಸ್ಟ್ ತಿಂಗಳಲ್ಲಿ ವೈಯಕ್ತಿಕ ವಿಚಾರಣೆಗಳನ್ನು ವೀಡಿಯೋ ಮೂಲಕ ನಡೆಸುವಂತೆ ತನ್ನ ಅಧಿಕಾರಿಗಳಿಗೆ ಸೂಚಿಸಿತು. ಆದಾಯ ತೆರಿಗೆಯಲ್ಲಿಯೂ 2021ರ ಏಪ್ರಿಲ್ 1ರಿಂದ 144ಬಿ ಕಲಮಿನ ಮುಖರಹಿತ ನಿರ್ಧರಣೆ ಜಾರಿಗೆ ಬಂದು, ವಿಚಾರಣೆಯು ಪರದೆಯ ಮೇಲೆ ನಡೆಯುವಂತಾಯಿತು.

ಪ್ರಯಾಣದ ವೆಚ್ಚ ಉಳಿಯಿತೆಂಬುದು ನಿಜ. ಆದರೆ ಹೊಸದೊಂದು ತೊಡಕು ಎದುರಾಗಿದೆ. ಅಧಿಕಾರಿಯ ಮುಖ ಕಾಣುತ್ತದೆ, ತುಟಿ ಅಲುಗಾಡುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ಕೇಳಿಸದ ಪ್ರಶ್ನೆಗೆ ಉತ್ತರವಿಲ್ಲ. ಉತ್ತರವಿಲ್ಲದ ವಿಚಾರಣೆಯ ಫಲ ಬೇಡಿಕೆ ಆದೇಶವೂ ಆಗಬಹುದು. ಆದ್ದರಿಂದ ಧ್ವನಿದೋಷವನ್ನು ಕ್ರಮವಾಗಿ ಪತ್ತೆ ಮಾಡುವ ವಿಧಾನವನ್ನು ಪ್ರತಿಯೊಬ್ಬ ವರ್ತಕನೂ ತಿಳಿದಿರುವುದು ಒಳಿತು.

ದೋಷ ಯಾವ ಹಂತದಲ್ಲಿದೆ?

ತಾಳೆಪಟ್ಟಿ ಕೂಡದಿದ್ದಾಗ ಅನುಭವಿ ಗುಮಾಸ್ತನು ವರ್ಷದ ಎಲ್ಲ ಪಾವತಿಗಳನ್ನು ಮಗುಚಿ ಹಾಕುವುದಿಲ್ಲ; ವ್ಯತ್ಯಾಸ ಯಾವ ಖಾತೆಯಲ್ಲಿದೆ ಎಂದು ಮೊದಲು ನೋಡುತ್ತಾನೆ. ಇಲ್ಲಿಯೂ ಅದೇ ನಿಯಮ. ಧ್ವನಿಯು ಸಭೆಯ ಪುಟ, ಬ್ರೌಸರ್, ವಿಂಡೋಸ್ ಮತ್ತು ಸ್ಪೀಕರ್ ಎಂಬ ನಾಲ್ಕು ಹಂತಗಳನ್ನು ದಾಟಿ ಕಿವಿಗೆ ತಲುಪುತ್ತದೆ. ಹೊಸ ಸ್ಪೀಕರ್ ಕೊಳ್ಳುವ ಮುನ್ನ ಈ ಮೂರು ಪರೀಕ್ಷೆಗಳನ್ನು ಮಾಡತಕ್ಕದ್ದು.

1. ಪರದೆಯ ಕೆಳಮೂಲೆಯ ಧ್ವನಿಪಟ್ಟಿಯನ್ನು ಸ್ವಲ್ಪ ಸರಿಸಬೇಕು. 'ಟಿಂಗ್' ಎಂಬ ಸದ್ದು ಕೇಳಿದರೆ ಸ್ಪೀಕರ್ ಸರಿಯಾಗಿದೆ.

2. ಅದೇ ಬ್ರೌಸರಿನಲ್ಲಿ ಬೇರೊಂದು ತಾಣದ ವೀಡಿಯೋ ತೆರೆಯಬೇಕು. ಅದು ಕೇಳಿಸಿದರೆ ದೋಷ ಸಭೆಯ ಪುಟಕ್ಕೆ ಸೀಮಿತ.

3. ಸಭೆಯ ಪುಟವನ್ನು ಬೇರೆ ಬ್ರೌಸರಿನಲ್ಲಿ ತೆರೆಯಬೇಕು. ಅಲ್ಲಿ ಕೇಳಿಸಿದರೆ ದೋಷ ಮೊದಲ ಬ್ರೌಸರಿನದು.

ಸಾಮಾನ್ಯ ಕಾರಣಗಳು

ಟ್ಯಾಬಿನ ಮೌನ: ಧ್ವನಿ ಹೊರಡುತ್ತಿರುವ ಟ್ಯಾಬಿನ ಮೇಲೆ ಸಣ್ಣ ಸ್ಪೀಕರ್ ಚಿಹ್ನೆ ಮೂಡುತ್ತದೆ. ಅದರ ಮೇಲೆ ಅಡ್ಡಗೆರೆ ಇದ್ದರೆ ಟ್ಯಾಬ್ ಮೌನವಾಗಿದೆ ಎಂದರ್ಥ. ಎಡ್ಜ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಆ ಚಿಹ್ನೆಯ ಮೇಲೆ ತಿಳಿಯದೆ ಒತ್ತಿದರೂ ಹೀಗಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಸರಿಹೋಗುತ್ತದೆ. ಚಿಹ್ನೆ ಅಡ್ಡಗೆರೆಯಿಲ್ಲದೆ ಕಾಣುತ್ತಿದ್ದೂ ಸದ್ದಿಲ್ಲವಾದರೆ ದೋಷ ಬ್ರೌಸರಿನಿಂದ ಮುಂದಿದೆ.

ತಾಣದ ಅನುಮತಿ: ವಿಳಾಸಪಟ್ಟಿಯ ಎಡಬದಿಯ ಚಿಹ್ನೆಯನ್ನು ಒತ್ತಿ, ಧ್ವನಿ ಹಾಗೂ ಮೈಕ್ರೊಫೋನ್‌ಗಳಿಗೆ ಅನುಮತಿ ಇದೆಯೇ ಎಂದು ನೋಡಬೇಕು. ಕ್ರೋಮ್ 2018ರಿಂದಲೂ, ಬಳಕೆದಾರನು ಪುಟದಲ್ಲಿ ಒಮ್ಮೆಯಾದರೂ ಕ್ಲಿಕ್ ಮಾಡದ ಹೊರತು ಸದ್ದುಳ್ಳ ವೀಡಿಯೋ ತಾನಾಗಿಯೇ ಆರಂಭವಾಗುವುದನ್ನು ಸಾಮಾನ್ಯವಾಗಿ ತಡೆಯುತ್ತದೆ. ಎಷ್ಟೋ ವೇಳೆ ಪುಟದ ಮೇಲೆ ಒಂದು ಕ್ಲಿಕ್ ಸಾಕಾಗುತ್ತದೆ.

ತಪ್ಪು ಸಾಧನ: ಕೇಬಲ್ ಮೂಲಕ ಹೊಸ ಮಾನಿಟರ್ ಜೋಡಿಸಿದಾಗ ವಿಂಡೋಸ್ ಧ್ವನಿಯನ್ನು ಅದರತ್ತ ತಿರುಗಿಸುವುದುಂಟು, ಮಾನಿಟರಿಗೆ ಸ್ಪೀಕರ್ ಇಲ್ಲದಿದ್ದರೆ ಮಾತು ಅಲ್ಲಿಯೇ ಅಡಗುತ್ತದೆ. ಧ್ವನಿ ಸೆಟ್ಟಿಂಗ್‌ನಲ್ಲಿ ಸರಿಯಾದ ಸಾಧನವನ್ನು ಆರಿಸಬೇಕು. ಅಲ್ಲಿಯೇ ಇರುವ ವಾಲ್ಯೂಮ್ ಮಿಕ್ಸರ್‌ನಲ್ಲಿ ಬ್ರೌಸರಿನ ಧ್ವನಿ ಮಾತ್ರ ಸೊನ್ನೆಯಾಗಿರುವ ಸಂಭವವೂ ಇದೆ. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಬಳಕೆಗೆ ಬಂದೊಡನೆ ಧ್ವನಿಯ ಗುಣಮಟ್ಟ ಕುಸಿಯುವುದು ಸಾಮಾನ್ಯ. ವಿಚಾರಣೆಗೆ ತಂತಿಯ ಹೆಡ್‌ಸೆಟ್ ಮೇಲು.

ವಿಸ್ತರಣೆಗಳು: ಜಾಹೀರಾತು ತಡೆಯುವಂತಹ ವಿಸ್ತರಣೆಗಳು ಕೆಲವೊಮ್ಮೆ ಧ್ವನಿಗೂ ಅಡ್ಡಿಯಾಗುತ್ತವೆ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಅವು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ಮಾತು ಕೇಳಿಸಿದರೆ ವಿಸ್ತರಣೆಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಬೇಕು.

ಹಳೆಯ ಯಂತ್ರ: ಲೆಕ್ಕಪತ್ರ ತಂತ್ರಾಂಶಕ್ಕೆಂದೇ ಉಳಿಸಿಕೊಂಡ ವಿಂಡೋಸ್ 7ರ ಗಣಕಯಂತ್ರಗಳು ಅನೇಕ ಅಂಗಡಿಗಳಲ್ಲಿವೆ. ಅವುಗಳಿಗೆ ದೊರೆತ ಕೊನೆಯ ಕ್ರೋಮ್ ಆವೃತ್ತಿ 2023ರ ಜನವರಿಯ 109. ಡಿಜಿಟಲ್ ಸಹಿಗಾಗಿ ಬಳಸುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿವೃತ್ತಿಗೊಳಿಸಿತು. ಇಂತಹ ಯಂತ್ರವನ್ನು ವಿಚಾರಣೆಗೆ ನೆಚ್ಚಬಾರದು.

ಮಾತು ಪೂರ್ತಿ ನಿಲ್ಲದೆ ತುಂಡುತುಂಡಾಗಿ ಕೇಳಿಸಿದರೆ ದೋಷ ಬಹುತೇಕ ಅಂತರ್ಜಾಲ ಸಂಪರ್ಕದ್ದು. ಇತರ ಡೌನ್‌ಲೋಡ್‌ಗಳನ್ನು ನಿಲ್ಲಿಸುವುದು ಸೂಕ್ತ. ಮಾತು ಪ್ರತಿಧ್ವನಿಸಿದರೆ ಅದೇ ಕೋಣೆಯಲ್ಲಿ ಎರಡು ಸಾಧನಗಳು ಸಭೆಗೆ ಸೇರಿವೆಯೇ ಎಂದು ನೋಡಬೇಕು.

ವಿಚಾರಣೆಯ ನಡುವೆ ಧ್ವನಿ ನಿಂತರೆ

ಮೌನವಾಗಿ ಕುಳಿತಿರುವುದೇ ದೊಡ್ಡ ತಪ್ಪು. ಕೂಡಲೇ ಸಭೆಯ ಚಾಟ್ ಪೆಟ್ಟಿಗೆಯಲ್ಲಿ 'ಧ್ವನಿ ಕೇಳಿಸುತ್ತಿಲ್ಲ' ಎಂದು ಬರೆಯಬೇಕು. ಸಭೆಯಿಂದ ಹೊರಬಂದು ಮತ್ತೆ ಸೇರಬೇಕು. ಅದೂ ಫಲಿಸದಿದ್ದರೆ ಮೊಬೈಲಿನ ಮೂಲಕ ಸೇರಬೇಕು. ಅದೇ ದಿನ ಅಡಚಣೆಯನ್ನು ಅಧಿಕಾರಿಗೆ ಇ-ಮೇಲ್ ಮೂಲಕ ತಿಳಿಸಿ, ಅಗತ್ಯವಿದ್ದರೆ ಮುಂದೂಡಿಕೆ ಕೋರಬೇಕು. ಕೇಂದ್ರ ಜಿಎಸ್‌ಟಿ ಕಾಯಿದೆಯ 75(5) ಕಲಮಿನಂತೆ ಸಾಕಷ್ಟು ಕಾರಣವಿದ್ದಲ್ಲಿ ಮುಂದೂಡಿಕೆ ದೊರೆಯುತ್ತದೆ; ಆದರೆ ಮೂರು ಸಲಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಅದನ್ನು ಧ್ವನಿದೋಷಕ್ಕಾಗಿ ವ್ಯಯಿಸುವುದು ಜಾಣತನವಲ್ಲ.

ಇನ್ನೊಂದು ಅಂಶ ಅತಿ ಮುಖ್ಯ. ಮಂಡಳಿಯ 2020ರ ಸೂಚನೆಯ ಪ್ರಕಾರ ವಿಚಾರಣೆಯ ದಾಖಲೆಯನ್ನು ಇ-ಮೇಲ್ ಮೂಲಕ ಕಳುಹಿಸಲಾಗುತ್ತದೆ. ಅದನ್ನು ತಿದ್ದಿ, ಸಹಿ ಮಾಡಿ ಮರಳಿಸಲು ಅವಕಾಶವಿದೆ. ಮೂರು ದಿನಗಳೊಳಗೆ ಮರಳಿಸದಿದ್ದರೆ ಅದರಲ್ಲಿರುವುದಕ್ಕೆ ಒಪ್ಪಿಗೆ ಇದೆಯೆಂದೇ ಭಾವಿಸಲಾಗುತ್ತದೆ. ಕೇಳಿಸದ ಪ್ರಶ್ನೆಗೆ 'ಉತ್ತರಿಸಲಿಲ್ಲ' ಎಂದು ದಾಖಲಾಗಿದ್ದರೆ ತಿದ್ದುವ ಕಾಲ ಅದೇ.

ವಿಚಾರಣೆಯ ಹಿಂದಿನ ದಿನವೇ ಅದೇ ಯಂತ್ರ, ಅದೇ ಬ್ರೌಸರ್, ಅದೇ ಹೆಡ್‌ಸೆಟ್ ಬಳಸಿ ಹತ್ತು ನಿಮಿಷ ಪರೀಕ್ಷಿಸುವುದು ಮತ್ತು ಲಿಖಿತ ಹೇಳಿಕೆಯನ್ನು ಮುಂಚಿತವಾಗಿ ಸಲ್ಲಿಸುವುದು ಉತ್ತಮ ಪದ್ಧತಿ. ಧ್ವನಿ ಕೈಕೊಟ್ಟರೂ ಬರವಣಿಗೆ ಕಡತದಲ್ಲಿ ಉಳಿಯುತ್ತದೆ.