ಪುಟ್ಟ ಹೆಜ್ಜೆಗೆ ತಕ್ಕಷ್ಟು ಪ್ರವಾಸ

ಬೆಳಗಿನ ಆರಕ್ಕೆ ಬೆಂಗಳೂರು ಬಿಡುವುದು, ಬಿಡದಿಯಲ್ಲಿ ತಟ್ಟೆ ಇಡ್ಲಿ, ಶ್ರೀರಂಗಪಟ್ಟಣದಲ್ಲಿ ರಂಗನಾಥನ ದರ್ಶನ, ಮೈಸೂರಿನಲ್ಲಿ ಮೃಗಾಲಯ ಮತ್ತು ಅರಮನೆ, ಊಟವಾದ ಮೇಲೆ ಚಾಮುಂಡಿ ಬೆಟ್ಟ, ಸಂಜೆ ಕನ್ನಂಬಾಡಿಯ ಬೃಂದಾವನದಲ್ಲಿ ಕಾರಂಜಿ, ನಡುರಾತ್ರಿಗೆ ಮರಳಿ ಮನೆ. ರಾಜಧಾನಿಯ ಕುಟುಂಬಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ‘ಒಂದು ದಿನದ ಮೈಸೂರು’ ಇದು. 2023ರ ಮಾರ್ಚ್‌ನಲ್ಲಿ 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ ಉದ್ಘಾಟನೆಯಾದ ಬಳಿಕ ಈ ಪಟ್ಟಿಗೆ ಇನ್ನೊಂದೆರಡು ಸ್ಥಳಗಳನ್ನು ಸೇರಿಸುವ ಆಸೆಯೂ ಸಹಜವೇ. ಹೆದ್ದಾರಿ ಅಗಲವಾಯಿತು ನಿಜ. ಹಿಂದಿನ ಸೀಟಿನಲ್ಲಿ ಕುಳಿತ ಮೂರು ವರ್ಷದ ಮಗುವಿನ ಕಾಲುಗಳು ಮಾತ್ರ ಮೊದಲಿನಷ್ಟೇ ಇವೆ.

ಇಂಥ ಪ್ರವಾಸದ ಸಂಜೆ ಹೇಗಿರುತ್ತದೆಂಬುದು ಬಹುಪಾಲು ಹೆತ್ತವರಿಗೆ ಗೊತ್ತು. ನಾಲ್ಕು ಗಂಟೆಯ ಹೊತ್ತಿಗೆ ಮಗು ನೆಲದ ಮೇಲೆ ಕುಳಿತುಬಿಡುತ್ತದೆ. ಎತ್ತಿಕೊಂಡರೆ ಇಳಿಯುತ್ತೇನೆಂದು, ಇಳಿಸಿದರೆ ಎತ್ತಿಕೋ ಎಂದು ಅಳುತ್ತದೆ. ಐಸ್‌ಕ್ರೀಂ ಕೊಡಿಸಿದರೂ ಅಳು ನಿಲ್ಲುವುದಿಲ್ಲ. ಹಿರಿಯರು ಇದಕ್ಕೆ ‘ಹಠ’ ಎಂದು ಹೆಸರಿಟ್ಟು ಗದರುತ್ತಾರೆ. ವಾಸ್ತವದಲ್ಲಿ ಅದು ದಣಿವು. ಮಧ್ಯಾಹ್ನದ ನಿದ್ದೆ ತಪ್ಪಿದೆ, ಊಟದ ಹೊತ್ತು ಮೀರಿದೆ, ಬೆಳಗಿನಿಂದ ಗದ್ದಲ ಮತ್ತು ಅಪರಿಚಿತ ಮುಖಗಳು. ಇವನ್ನೆಲ್ಲ ಬಾಯಿಬಿಟ್ಟು ಹೇಳುವಷ್ಟು ಭಾಷೆ ಆ ವಯಸ್ಸಿನ ಮಗುವಿಗೆ ಇರುವುದಿಲ್ಲ. ತಪ್ಪು ಮಗುವಿನದಲ್ಲ, ದೊಡ್ಡವರ ಅಳತೆಗೆ ಹೊಲಿದ ವೇಳಾಪಟ್ಟಿಯದು.

ಕಣ್ಣಿನ ಎತ್ತರದ ಲೆಕ್ಕ

ಚಾಮರಾಜ ಒಡೆಯರ್ ಅವರ ಕಾಲದಲ್ಲಿ, 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯ ಇಂದು 157 ಎಕರೆಗಳಷ್ಟು ವಿಸ್ತಾರವಾಗಿದೆ. ಪೂರ್ತಿ ಸುತ್ತಿ ಬರುವುದು ದೊಡ್ಡವರಿಗೂ ಸುಲಭವಲ್ಲ. ದೊಡ್ಡವರು ಒಂದು ಹೆಜ್ಜೆ ಇಡುವಲ್ಲಿ ಮಗು ಎರಡು ಮೂರು ಹೆಜ್ಜೆ ಇಡಬೇಕು. ಸಾಲದ್ದಕ್ಕೆ ಅದರ ಕಣ್ಣು ನೆಲದಿಂದ ಮೂರಡಿಗೂ ಕೆಳಗೆ ಇರುತ್ತದೆ. ತಂದೆಗೆ ಕಾಣುವ ಹುಲಿ ಮಗುವಿಗೆ ಕಾಣುವುದೇ ಇಲ್ಲ. ಅದರ ಎದುರಿಗೆ ಇರುವುದು ಕಂಬಿ, ಗಿಡದ ಬೇಲಿ ಮತ್ತು ಇತರರ ಪ್ಯಾಂಟು, ಸೀರೆಗಳು. ಎತ್ತಿ ತೋರಿಸಿದರೂ, ದೂರದ ಪೊದೆಯ ನೆರಳಿನಲ್ಲಿ ಅಲುಗಾಡದೆ ಮಲಗಿರುವ ಪ್ರಾಣಿಯನ್ನು ಹಿನ್ನೆಲೆಯಿಂದ ಬೇರ್ಪಡಿಸಿ ಗುರುತಿಸುವುದು ಎಳೆಯ ಕಣ್ಣಿಗೆ ಕಷ್ಟದ ಕೆಲಸ. ‘ಕಾಣಿಸ್ತಾ?’ ಎಂದು ಕೇಳಿದಾಗ ಮಗು ತಲೆಯಾಡಿಸುವುದು ಅನೇಕ ಸಲ ದಾಕ್ಷಿಣ್ಯಕ್ಕೆ.

ಜಿರಾಫೆ, ಆನೆಗಳ ವಿಷಯ ಬೇರೆ. ಅವು ದೊಡ್ಡವು, ಚಲಿಸುವಂಥವು, ಚಿತ್ರಪುಸ್ತಕದಲ್ಲಿ ನೋಡಿ ಪರಿಚಯವಿದ್ದಂಥವು. ಇಂಥ ನಾಲ್ಕೈದು ಪ್ರಾಣಿಗಳನ್ನು ಮೊದಲೇ ಆರಿಸಿಕೊಂಡು, ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವ ಹೊತ್ತಿಗೇ ಒಳಹೊಕ್ಕು, ಬಿಸಿಲು ಏರುವ ಮೊದಲು ಹೊರಬರುವುದು ಜಾಣತನ. ಉಳಿದ ಪ್ರಾಣಿಗಳು ಎಲ್ಲಿಗೂ ಹೋಗುವುದಿಲ್ಲ. ಮಂಗಳವಾರ ಮೃಗಾಲಯಕ್ಕೆ ವಾರದ ರಜೆ ಎಂಬುದನ್ನು ಮರೆತು ಬಾಗಿಲವರೆಗೂ ಹೋಗಿ ಹಿಂದಿರುಗುವ ಕುಟುಂಬಗಳೂ ಉಂಟು. ಬೆಂಗಳೂರಿನ ಬನ್ನೇರುಘಟ್ಟಕ್ಕೂ ಅದೇ ದಿನ ರಜೆ.

ಮೃಗಾಲಯದಲ್ಲಿ ಮಗುವನ್ನು ಅದರ ಪಾಡಿಗೆ ಬಿಟ್ಟು ನೋಡಿದರೆ, ಅದು ಬಹಳ ಹೊತ್ತು ನಿಲ್ಲುವುದು ಸಿಂಹದ ಎದುರಲ್ಲ. ಬೆಂಚಿನ ಕೆಳಗೆ ಓಡಾಡುವ ಅಳಿಲು, ಕಡಲೆಕಾಯಿ ಸಿಪ್ಪೆ ಹೊತ್ತೊಯ್ಯುವ ಇರುವೆಗಳ ಸಾಲು, ತೊಟ್ಟಿಕ್ಕುವ ನಲ್ಲಿಯ ಎದುರು. ಟಿಕೆಟ್ಟಿಗೆ ಹಣ ಕೊಟ್ಟವರಿಗೆ ಇದು ನಷ್ಟವೆನಿಸಬಹುದು. ಮಗುವಿನ ಮಟ್ಟಿಗೆ ಹಾಗಲ್ಲ: ಅಳಿಲು ಹತ್ತಿರವಿದೆ, ಓಡುತ್ತದೆ, ತಾನು ಹಾರಿದರೆ ಹೆದರಿ ಮರ ಏರುತ್ತದೆ. ತಾನು ಏನಾದರೂ ಮಾಡಿದರೆ ಪ್ರತಿಯಾಗಿ ಏನಾದರೂ ನಡೆಯುವ ಜಾಗವೇ ಆ ವಯಸ್ಸಿಗೆ ಪ್ರೇಕ್ಷಣೀಯ ಸ್ಥಳ.

ಈ ದೃಷ್ಟಿಯಿಂದ ನೋಡಿದರೆ ಅದೇ ಮೈಸೂರಿನಲ್ಲಿ, ಅರಮನೆಗಿಂತ ಕೃಷ್ಣರಾಜಸಾಗರ ರಸ್ತೆಯಲ್ಲಿರುವ ರೈಲ್ವೆ ವಸ್ತುಸಂಗ್ರಹಾಲಯ ಚಿಕ್ಕವರಿಗೆ ಹೆಚ್ಚು ಒಪ್ಪುತ್ತದೆ. 1979ರಲ್ಲಿ ಸ್ಥಾಪನೆಯಾದ ಈ ಬಯಲು ಸಂಗ್ರಹಾಲಯದಲ್ಲಿ ಹಳೆಯ ಉಗಿ ಬಂಡಿಗಳಿವೆ, ಮಹಾರಾಣಿಯವರ ಸಲೂನ್ ಇದೆ, ಮಕ್ಕಳನ್ನು ಸುತ್ತಿಸುವ ಪುಟ್ಟ ರೈಲೂ ಇದೆ. ಅರಮನೆಯಲ್ಲಿ ಚಪ್ಪಲಿ ಕಳಚಿ, ಸಾಲಿನಲ್ಲಿ ನಡೆದು, ಏನನ್ನೂ ಮುಟ್ಟದೆ ಹೊರಬರಬೇಕು. ‘ಮುಟ್ಟಬೇಡ’ ಎಂಬ ಮಾತನ್ನು ಒಂದು ಗಂಟೆಯಲ್ಲಿ ನಲವತ್ತು ಸಲ ಕೇಳಿಸಿಕೊಂಡ ಮಗು ದರ್ಬಾರು ಸಭಾಂಗಣದ ವೈಭವವನ್ನು ಮೆಚ್ಚಲಿ ಎಂದು ನಿರೀಕ್ಷಿಸುವುದು ತುಸು ಅತಿಯಾಯಿತು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಮಕ್ಕಳನ್ನು ಸೆಳೆಯುವುದಕ್ಕೂ ಇದೇ ಕಾರಣ; ಅಲ್ಲಿ ಗುಂಡಿ ಒತ್ತಿದರೆ ಯಂತ್ರ ತಿರುಗುತ್ತದೆ. ಲಾಲ್‌ಬಾಗಿನ ಬಂಡೆಯನ್ನೂ ಇಲ್ಲಿ ನೆನೆಯಬೇಕು. ಸುಮಾರು 300 ಕೋಟಿ ವರ್ಷ ಹಳೆಯ ಆ ಶಿಲೆಯ ವಯಸ್ಸು ಮಗುವಿಗೆ ತಿಳಿಯಬೇಕಾಗಿಲ್ಲ. ಕೈಕಾಲು ಊರಿ ಹತ್ತಬಹುದಾದ, ಕೆಂಪೇಗೌಡ ಗೋಪುರವೆಂಬ ಗುರಿಯೂ ಇರುವ ಬೆಟ್ಟ ಅದು. ಮೂರಡಿಯ ಎತ್ತರದಿಂದ ನೋಡಿದಾಗ ಅದಕ್ಕಿಂತ ದೊಡ್ಡ ಪರ್ವತ ನಗರದ ನಡುವೆ ಇನ್ನೊಂದಿಲ್ಲ.

ಸಾಹಸಕ್ಕೆ ಊರು ದಾಟಬೇಕಿಲ್ಲ

ಐದು ವರ್ಷದೊಳಗಿನ ಮಕ್ಕಳ ದೈಹಿಕ ಚಟುವಟಿಕೆ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು, ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಾಲ ಅವರನ್ನು ಗಾಡಿ ಅಥವಾ ಕುರ್ಚಿಗೆ ಕಟ್ಟಿ ಕೂರಿಸಬಾರದು ಎಂಬುದು ಅದರ ಸಾರಾಂಶ. ಮಗುವಿಗಾಗಿಯೇ ಕೈಗೊಂಡ ದೂರದ ಪ್ರವಾಸವು ಬಹಳ ಸಲ ಆ ವಾರದಲ್ಲೇ ಮಗು ಅತಿ ಹೆಚ್ಚು ಹೊತ್ತು ಕುಳಿತು ಕಳೆದ ದಿನವಾಗಿರುತ್ತದೆ.

ಹತ್ತಿರದ ಸಾಹಸಗಳಿಗೆ ಈ ತೊಡಕಿಲ್ಲ. ಬೆಂಗಳೂರಿನ ಮೆಟ್ರೊವನ್ನೇ ತೆಗೆದುಕೊಳ್ಳಬಹುದು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ರೈಲು ಓಡಿತು. ಮುಂದೆ ಸುರಂಗ ಮಾರ್ಗವೂ ತೆರೆದ ಮೇಲೆ, ಇಂದಿರಾನಗರದ ಕಡೆಯಿಂದ ಮರಗಳ ತುದಿಯ ಎತ್ತರದಲ್ಲಿ ಸಾಗಿಬರುವ ರೈಲು ಎಂ.ಜಿ. ರಸ್ತೆ ನಿಲ್ದಾಣ ದಾಟಿದೊಡನೆ ಇಳಿಜಾರಿನಲ್ಲಿ ಜಾರಿ ನೆಲದೊಳಗೆ ನುಗ್ಗುತ್ತದೆ. ಮುಂದಿನ ನಿಲ್ದಾಣ ಕಬ್ಬನ್ ಪಾರ್ಕ್ ಪಾತಾಳದಲ್ಲಿ. ಕಚೇರಿಗೆ ಹೋಗುವವರು ಮೊಬೈಲಿನಿಂದ ತಲೆ ಎತ್ತದ ಆ ಅರ್ಧ ನಿಮಿಷ, ಕಿಟಕಿಗೆ ಮೂಗು ಒತ್ತಿ ನಿಂತ ಮಗುವಿಗೆ ದಿನದ ಮಹಾಘಟನೆ. ಮೇಲೇರಿ ಬಂದರೆ ಉದ್ಯಾನ ಎದುರಿಗೇ ಇದೆ. ಅರ್ಧ ದಿನ ಸಾಕು.

ರೈಲಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಬೇಕಿಲ್ಲ. ಐದರಿಂದ ಹನ್ನೆರಡರವರೆಗಿನ ಮಕ್ಕಳಿಗೆ ಬರ್ತ್ ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ. ಬೆಂಗಳೂರಿನಿಂದ ಚನ್ನಪಟ್ಟಣದವರೆಗಿನ ರೈಲು ಪಯಣ ಚಿಕ್ಕ ಮಕ್ಕಳಿಗೆ ಹೇಳಿ ಮಾಡಿಸಿದಂಥದು. ಓಡಾಡಲು ಜಾಗವಿದೆ, ಕಿಟಕಿಯಿದೆ, ಸೌತೆಕಾಯಿ ಮಾರುವವರಿದ್ದಾರೆ. ಊರಿನ ಗೊಂಬೆ ತಯಾರಕರಲ್ಲಿ ಯಾರಾದರೂ ಅನುಮತಿಸಿದರೆ ಕೆಲಸ ನೋಡಬಹುದು. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದೊಡನೆ ಉಜ್ಜಾಟದ ಬಿಸಿಗೆ ಅರಗು ಕರಗಿ, ಬಿಳಿ ಮರ ಕಣ್ಣೆದುರೇ ಕೆಂಪಾಗುತ್ತದೆ. ಬುಗುರಿ ಕೊಂಡು ತರುವುದು ಬೇರೆ, ಬುಗುರಿ ಹುಟ್ಟುವುದನ್ನು ಕಂಡು ತರುವುದು ಬೇರೆ.

ಇತರ ಊರುಗಳಿಗೂ ಅವುಗಳದೇ ಆದ ಸಿರಿಯಿದೆ. ಹುಬ್ಬಳ್ಳಿಗೆ ಉಣಕಲ್ ಕೆರೆ, ಧಾರವಾಡಕ್ಕೆ ಸಾಧನಕೇರಿ, ಮಂಗಳೂರಿಗೆ ಪಿಲಿಕುಳ. ಏನೂ ಇಲ್ಲದ ಊರಿನಲ್ಲಿ ವಾರದ ಸಂತೆಯಾದರೂ ಇರುತ್ತದೆ. ಐದು ರೂಪಾಯಿ ಕೈಗೆ ಕೊಟ್ಟು ಕೊತ್ತಂಬರಿ ಕಟ್ಟನ್ನು ತಾನೇ ಕೊಳ್ಳಲು ಬಿಟ್ಟರೆ, ನಾಲ್ಕು ವರ್ಷದವರಿಗೆ ಅದಕ್ಕಿಂತ ದೊಡ್ಡ ದಂಡಯಾತ್ರೆ ಬೇಕಿಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ದೊಡ್ಡವರಿಗೆ ಬೇಸರ. ಮಕ್ಕಳಿಗೆ ಅದರಲ್ಲೇ ಸುಖ. ಎರಡನೆಯ ಸಲ ಅವರು ಪ್ರವಾಸಿಗರಲ್ಲ, ದಾರಿ ತೋರಿಸುವವರು.

ನಿಜವಾದ ಅಪಾಯ ಎಲ್ಲಿದೆ

ಪೊದೆಯಲ್ಲಿ ಹಾವಿದ್ದೀತು, ಮಣ್ಣಿನಲ್ಲಿ ರೋಗಾಣು ಇದ್ದೀತು ಎಂದು ಹೆದರುವ ಹಿರಿಯರು ನಿಜಕ್ಕೂ ಹೆದರಬೇಕಾದ ವಿಷಯಗಳಲ್ಲಿ ಸಡಿಲವಾಗಿರುವುದುಂಟು. ಅವುಗಳಲ್ಲಿ ಮೊದಲನೆಯದು ನೀರು. ಕಾವೇರಿ ತೀರದ ಸಂಗಮ, ಬಲಮುರಿ, ಮುತ್ತತ್ತಿಗಳಲ್ಲಿ ಪ್ರವಾಸಿಗರು ನೀರುಪಾಲಾದ ಸುದ್ದಿ ಬಾರದ ಬೇಸಿಗೆ ಅಪರೂಪ. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂಬುದು ಸಿನಿಮಾ ಕಲಿಸಿದ ಪಾಠ. ಚಿಕ್ಕ ಮಗು ಸದ್ದಿಲ್ಲದೆ ಮುಳುಗುತ್ತದೆ. ಉಸಿರಿಗೇ ಒದ್ದಾಡುವಾಗ ಕೂಗಲು ಉಸಿರು ಉಳಿಯುವುದಿಲ್ಲ. ಅಂಗೈ ಆಳದ ನೀರೂ ಸಾಕು, ಒಂದೆರಡು ನಿಮಿಷವೂ ಸಾಕು.

ವಿಚಿತ್ರವೆಂದರೆ, ತಾಯಿಯೊಬ್ಬಳೇ ಇದ್ದಾಗಿನದಕ್ಕಿಂತ ಹತ್ತು ಮಂದಿ ನೆಂಟರು ದಡದಲ್ಲಿ ಚಿತ್ರಾನ್ನ ತಿನ್ನುತ್ತ ಕುಳಿತಿರುವಾಗ ಅಪಾಯ ಹೆಚ್ಚು. ಇನ್ನೊಬ್ಬರು ನೋಡುತ್ತಿದ್ದಾರೆಂದು ಪ್ರತಿಯೊಬ್ಬರೂ ಭಾವಿಸುತ್ತಾರೆ, ಯಾರೂ ನೋಡುತ್ತಿರುವುದಿಲ್ಲ. ‘ಈ ಅರ್ಧ ಗಂಟೆ ಮಗು ನಿನ್ನ ಹೊಣೆ’ ಎಂದು ಒಬ್ಬರ ಹೆಸರು ಹಿಡಿದು ಹೇಳಬೇಕು. ಹೊಣೆ ಹೊತ್ತವರು ಕೈ ಚಾಚಿದರೆ ಮಗು ಸಿಗುವಷ್ಟು ಸಮೀಪದಲ್ಲಿರಬೇಕು, ಕೈಯಲ್ಲಿ ಮೊಬೈಲ್ ಇರಬಾರದು.

ಎರಡನೆಯದು ವಾಹನ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು ತಾಪ ಏರುತ್ತದೆ, ಮಗುವಿನ ಮೈ ದೊಡ್ಡವರ ಮೈಗಿಂತ ಬಹುಬೇಗ ಕಾಯುತ್ತದೆ. ನಿದ್ದೆ ಹೋದ ಮಗುವನ್ನು ಎಬ್ಬಿಸುವುದೇಕೆಂದು ಕಾರಿನಲ್ಲೇ ಬಿಟ್ಟು ದರ್ಶನ ಮುಗಿಸಿ ಬರುವುದು ಎಂಥ ತುರ್ತಿನಲ್ಲೂ ಸಲ್ಲದು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಪ್ರೀತಿಯಂತೆ ಕಾಣುತ್ತದೆ. ಆದರೆ ಹಠಾತ್ ಬ್ರೇಕ್ ಬಿದ್ದಾಗ ಯಾವ ತೋಳೂ ಮಗುವನ್ನು ಹಿಡಿದು ನಿಲ್ಲಿಸಲಾರದು. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನ ಇಲ್ಲದಿದ್ದರೆ 1000 ರೂಪಾಯಿ ದಂಡವನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ವಿಧಿಸಿದೆ. ಸ್ಕೂಟರಿಗೂ ನಿಯಮವುಂಟು: 2023ರ ಫೆಬ್ರವರಿಯಿಂದ, ನಾಲ್ಕು ವರ್ಷದೊಳಗಿನ ಮಗುವನ್ನು ಸವಾರರಿಗೆ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ನಗರದ ಯಾವುದೇ ವೃತ್ತದಲ್ಲಿ ಐದು ನಿಮಿಷ ನಿಂತರೆ ಈ ನಿಯಮದ ಗತಿ ತಿಳಿಯುತ್ತದೆ.

ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುವ ಮಕ್ಕಳ ಪಾಡು ಅಪಾಯದ್ದಲ್ಲವಾದರೂ ಪ್ರವಾಸ ಕೆಡಿಸಲು ಸಾಕು. ಒಳಗಿವಿ ಚಲನೆಯನ್ನು ಗ್ರಹಿಸುತ್ತದೆ, ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ನಿಶ್ಚಲವೆನ್ನುತ್ತದೆ. ಈ ತಿಕ್ಕಾಟದ ಫಲವೇ ಹೊಟ್ಟೆ ತೊಳಸುವಿಕೆ. ಎರಡರಿಂದ ಹನ್ನೆರಡು ವರ್ಷದವರಿಗೆ ಇದರ ಕಾಟ ಹೆಚ್ಚು. ಮೊಬೈಲ್ ಕಸಿದು ದೂರದ ಬೆಟ್ಟ ತೋರಿಸುವುದು, ಹಗುರವಾದ ಊಟ, ಗಾಳಿಗೆ ತೆರೆದ ಕಿಟಕಿ, ಆಗಾಗ ಇಳಿದು ನಡೆದಾಟ ಸಾಮಾನ್ಯವಾಗಿ ನೆರವಾಗುತ್ತವೆ.

ಜಾತ್ರೆ, ದಸರಾ, ಫಲಪುಷ್ಪ ಪ್ರದರ್ಶನಗಳಲ್ಲಿ ಕೈತಪ್ಪುವ ಭಯ ಎಲ್ಲರಿಗೂ ಇದ್ದದ್ದೇ. ಹೊರಡುವ ಬೆಳಿಗ್ಗೆಯೇ ಮಗುವಿನ ಒಂದು ಭಾವಚಿತ್ರ ತೆಗೆದಿಟ್ಟುಕೊಂಡರೆ ಅಂದು ತೊಟ್ಟ ಅಂಗಿಯ ಬಣ್ಣ ನೆನಪಿಸಿಕೊಳ್ಳುವ ಕಷ್ಟ ತಪ್ಪುತ್ತದೆ. ದೂರವಾಣಿ ಸಂಖ್ಯೆಯನ್ನು ಜೇಬಿನಲ್ಲಿಡುವುದಕ್ಕಿಂತ ಮುಂಗೈ ಮೇಲೆ ಬರೆಯುವುದು ಲೇಸು. ‘ಕಾಣಿಸದಿದ್ದರೆ ಹುಡುಕಬೇಡ, ಇದ್ದಲ್ಲೇ ನಿಲ್ಲು, ನಾವೇ ಬರುತ್ತೇವೆ’ ಎಂಬುದನ್ನು ಮನೆಯಲ್ಲೇ ಆಟವಾಗಿ ಕಲಿಸಬಹುದು. ಸಹಾಯಕ್ಕೆ 112 ಮತ್ತು ಮಕ್ಕಳ ಸಹಾಯವಾಣಿ 1098 ಇವೆ.

ನೆನಪು ಉಳಿಯುವ ಬಗೆ

ಇಷ್ಟೆಲ್ಲ ಮಾಡಿಯೂ ಮಗುವಿಗೆ ಏನು ನೆನಪಿರುತ್ತದೆ? ಬಹುತೇಕ ವಯಸ್ಕರಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನ ನೆನಪುಗಳೇ ಇರುವುದಿಲ್ಲ. ಎರಡು ವರ್ಷದ ಮಗುವನ್ನು ಹೊತ್ತು ಗೋಳಗುಮ್ಮಟ ತೋರಿಸಿದರೆ ಅದು ಮುಂದೆ ಮಗುವಿನ ನೆನಪಾಗಿ ಉಳಿಯುವ ಸಂಭವ ಕಡಿಮೆ, ಹೆತ್ತವರ ಆಲ್ಬಮ್ಮಿನಲ್ಲಿ ಉಳಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಹಾಗೆಂದು ಒಪ್ಪಿಕೊಂಡರಾಯಿತು.

ಆದರೆ ನೆನಪು ಬಲಗೊಳ್ಳುವ ಒಂದು ದಾರಿಯನ್ನು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಅಮೆರಿಕದ ರಾಬಿನ್ ಫೈವುಶ್, ನ್ಯೂಜಿಲೆಂಡಿನ ಎಲೈನ್ ರೀಸ್ ಮೊದಲಾದವರು ತಾಯಂದಿರು ಮಕ್ಕಳೊಡನೆ ಕಳೆದುಹೋದ ದಿನಗಳ ಬಗ್ಗೆ ಮಾತನಾಡುವ ರೀತಿಯನ್ನು ವರ್ಷಗಟ್ಟಲೆ ಅಭ್ಯಸಿಸಿದರು. ‘ಆನೆ ನೋಡಿದೆ ಅಲ್ವಾ?’ ಎಂದು ಕೇಳಿ ಹೌದೆನ್ನಿಸುವ ಮನೆಗಳಿಗಿಂತ, ‘ಆನೆ ಏನು ಮಾಡ್ತಿತ್ತು? ಆಮೇಲೆ ಏನಾಯ್ತು?’ ಎಂದು ಕೇಳಿ, ಮಗು ಹೇಳಿದ್ದಕ್ಕೆ ಎಳೆ ಸೇರಿಸಿ ಕಥೆ ಬೆಳೆಸುವ ಮನೆಗಳ ಮಕ್ಕಳು ಹೆಚ್ಚು ವಿವರವಾಗಿ ನೆನೆದು ಹೇಳುತ್ತಾರೆ ಎಂಬುದು ಈ ಅಧ್ಯಯನಗಳಲ್ಲಿ ಕಂಡುಬಂತು. ರಾತ್ರಿ ಊಟದ ಹೊತ್ತಿನ ಹತ್ತು ನಿಮಿಷದ ಮಾತಿಗೆ ಪೆಟ್ರೋಲು ಬೇಕಿಲ್ಲ.

ಉತ್ತರ ಮಾತ್ರ ನಿರೀಕ್ಷಿಸಿದಂತೆ ಬರುವುದಿಲ್ಲ. ಮೈಸೂರಿನಲ್ಲಿ ಏನಿತ್ತೆಂದು ಕೇಳಿದರೆ ಅಳಿಲಿತ್ತು, ನಲ್ಲಿ ಇತ್ತು, ಅಜ್ಜನ ಚಪ್ಪಲಿ ಕಳೆದುಹೋಯಿತು ಎಂದು ಮಗು ಹೇಳಬಹುದು. ಅದನ್ನು ತಿದ್ದದೆ, ಚಪ್ಪಲಿ ಎಲ್ಲಿ ಸಿಕ್ಕಿತೆಂದು ಕೇಳುವುದು ಮುಂದಿನ ಪ್ರಶ್ನೆಯಾಗಬೇಕು.