ವೃದ್ಧಾಪ್ಯ, ರಕ್ತದ ಒತ್ತಡ ಮತ್ತು ಹೃದಯಾಘಾತ: ಬಿಳಿಗಿರಿರಂಗನ ಬೆಟ್ಟದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ವಯಸ್ಸು ಏರಿದಂತೆ ರಕ್ತದ ಒತ್ತಡವೂ ಏರುವುದು ಪ್ರಕೃತಿಧರ್ಮವೆಂಬ ನಂಬಿಕೆ ಬಹುಕಾಲದಿಂದ ಬಂದಿದೆ. ವಯಸ್ಸಿಗೆ ನೂರನ್ನು ಕೂಡಿಸಿದರೆ ಬರುವ ಮೊತ್ತವೇ ಆ ವಯಸ್ಸಿನ ಸಹಜವಾದ ಒತ್ತಡವೆಂದು ಒಂದು ಕಾಲದಲ್ಲಿ ವೈದ್ಯರೂ ಲೆಕ್ಕ ಹಾಕುತ್ತಿದ್ದರು. ಈ ಲೆಕ್ಕದಂತೆ ಎಂಬತ್ತು ವರ್ಷದ ವೃದ್ಧರಿಗೆ 180 ಸಹಜವೆನಿಸುತ್ತದೆ. ಸಹಜವಾದುದಕ್ಕೆ ಚಿಕಿತ್ಸೆ ಏಕೆಂಬ ಪ್ರಶ್ನೆಯೂ ಹುಟ್ಟುತ್ತದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ವಿವೇಚಿಸಬಹುದು.

ಹೃದಯವು ಸಂಕೋಚಗೊಂಡಾಗ ಅಪಧಮನಿಗಳ ಗೋಡೆಯ ಮೇಲೆ ಬೀಳುವ ಒತ್ತಡವು ಮೇಲಿನ ಅಂಕಿ. ಹೃದಯವು ವಿಕಾಸಗೊಂಡು ವಿರಮಿಸುವಾಗ ಉಳಿಯುವ ಒತ್ತಡವು ಕೆಳಗಿನ ಅಂಕಿ. ತಾರುಣ್ಯದಲ್ಲಿ ಮಹಾಪಧಮನಿಯು ರಬ್ಬರಿನಂತೆ ಹಿಗ್ಗಿ, ರಕ್ತದ ಹೊಡೆತವನ್ನು ತಾನು ತಾಳಿಕೊಂಡು, ಬಳಿಕ ಕುಗ್ಗಿ ರಕ್ತವನ್ನು ಮುಂದೂಡುತ್ತದೆ. ವೃದ್ಧಾಪ್ಯದಲ್ಲಿ ಅದರ ಸ್ಥಿತಿಸ್ಥಾಪಕ ತಂತುಗಳು ಸವೆದು ಗೋಡೆಯು ಪೆಡಸಾಗುತ್ತದೆ. ಆದುದರಿಂದ ಮೇಲಿನ ಅಂಕಿ ಏರುತ್ತದೆ; ಕೆಳಗಿನ ಅಂಕಿ ಏರದೆ ಇರಬಹುದು, ಇಳಿಯಲೂಬಹುದು. 170ಕ್ಕೆ 75 ಎಂಬಂತಹ ಅಳತೆ ವೃದ್ಧರಲ್ಲಿ ಮೇಲಿಂದ ಮೇಲೆ ಕಾಣಬರುವುದು ಇದರಿಂದಲೇ. ಇಂತಹ ಒತ್ತಡದ ವಿರುದ್ಧ ದುಡಿಯುವ ಹೃದಯದ ಸ್ನಾಯು ದಪ್ಪವಾಗುತ್ತದೆ, ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ಅದಕ್ಕೆ ರಕ್ತವನ್ನೊದಗಿಸುವ ನಾಳಗಳ ಒಳಗೋಡೆಯಲ್ಲಿ ಇದೇ ಒತ್ತಡದಿಂದ ಕೊಬ್ಬು ಶೇಖರವಾಗುವುದು ತ್ವರಿತಗೊಳ್ಳುತ್ತದೆ. ಆ ಕೊಬ್ಬಿನ ಪದರ ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತವಾಗುತ್ತದೆ.

ಆದರೆ ಈ ಏರಿಕೆ ಎಲ್ಲ ಮಾನವರಿಗೂ ಅನಿವಾರ್ಯವೆ? 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಸಮೀಕ್ಷೆಯಲ್ಲಿ 32 ದೇಶಗಳ 52 ಕೇಂದ್ರಗಳ ಹತ್ತು ಸಾವಿರಕ್ಕೂ ಮಿಕ್ಕ ಜನರನ್ನು ಪರೀಕ್ಷಿಸಲಾಯಿತು. ಬ್ರೆಜಿಲಿನ ಯಾನೊಮಾಮಿ ಮೊದಲಾದ, ಉಪ್ಪನ್ನು ಅತ್ಯಲ್ಪವಾಗಿ ಸೇವಿಸುವ ಜನಾಂಗಗಳಲ್ಲಿ ವಯಸ್ಸಿನೊಡನೆ ಒತ್ತಡ ಏರುವುದು ಬಹುಮಟ್ಟಿಗೆ ಕಾಣಲಿಲ್ಲ. ಏರಿಕೆಗೆ ವಯಸ್ಸೊಂದೇ ಕಾರಣವಲ್ಲ, ಜೀವನಕ್ರಮವೂ ಕಾರಣವೆಂಬುದು ಇದರಿಂದ ವಿದಿತವಾಗುತ್ತದೆ.

ಈ ಮಾತನ್ನು ನಮ್ಮ ನಾಡಿನ ಬೆಟ್ಟಗಳಿಗೆ ಅನ್ವಯಿಸಿ ನೋಡುವುದು ಉಚಿತ. ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಗಳ ನಡುವಣ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬಹುಕಾಲದಿಂದ ವಾಸವಾಗಿದ್ದಾರೆ. ರಾಗಿ, ಗೆಡ್ಡೆಗೆಣಸು, ಕಾಡಿನ ಸೊಪ್ಪು, ಜೇನು ಇವರ ಹಳೆಯ ಆಹಾರ. ಬೆಟ್ಟ ಹತ್ತಿಳಿಯುವುದು ನಿತ್ಯದ ವ್ಯಾಯಾಮ. 1974ರಲ್ಲಿ ಈ ಕಾಡು ವನ್ಯಜೀವಿಧಾಮವೆಂದು ಘೋಷಿತವಾದ ಮೇಲೆ ಸುತ್ತುಬೇಸಾಯ ನಿಂತಿತು. ಚದುರಿದ್ದ ಕುಟುಂಬಗಳು ಪೋಡುಗಳಲ್ಲಿ ನೆಲೆಗೊಂಡುವು. ಪಡಿತರದ ಅಕ್ಕಿ, ಅಂಗಡಿಯ ಕುರುಕಲು ತಿಂಡಿ, ಕೂಲಿಯ ಬದುಕು ಕ್ರಮೇಣ ಬಂದುವು. ಇಂತಹ ಬದಲಾವಣೆ ಇಲ್ಲಿಗೆ ಮಾತ್ರ ಸೀಮಿತವಲ್ಲ. ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳ ಗಿರಿಜನರನ್ನು ಕುರಿತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಯಸ್ಕರಲ್ಲಿ ಸುಮಾರು ನಾಲ್ವರಿಗೆ ಒಬ್ಬರಲ್ಲಿ ಅಧಿಕ ಒತ್ತಡ ಕಂಡುಬಂದಿತು. ಕಾಡಿನವರಿಗೆ ಈ ವ್ಯಾಧಿ ತಗಲದೆಂಬ ಭಾವನೆಗೆ ಇನ್ನು ಆಧಾರವಿಲ್ಲ.

ವೃದ್ಧರಿಗೆ ಚಿಕಿತ್ಸೆಯಿಂದ ಫಲವುಂಟೆ ಎಂಬುದು ಎರಡನೆಯ ಪ್ರಶ್ನೆ. 1991ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಮೇಲಿನ ಅಂಕಿ ಮಾತ್ರ ಏರಿದ್ದ, ಅರುವತ್ತು ದಾಟಿದ 4,736 ಜನರು ಪಾಲ್ಗೊಂಡರು. ಅಗ್ಗದ ಮೂತ್ರಸ್ರಾವಕ ಔಷಧವನ್ನು ಮೊದಲ್ಗೊಂಡು ನೀಡಿದ ಚಿಕಿತ್ಸೆಯಿಂದ ಪಾರ್ಶ್ವವಾಯು ನೂರಕ್ಕೆ 36ರಷ್ಟು ಕಡಮೆಯಾಯಿತು, ಹೃದಯಾಘಾತಗಳೂ ತಗ್ಗಿದುವು. 2008ರ ಹೈವೆಟ್ ಪ್ರಯೋಗ ಎಂಬತ್ತಕ್ಕೂ ಮೇಲ್ಪಟ್ಟ 3,845 ಜನರನ್ನು ಕುರಿತದ್ದು. ಅಲ್ಲಿ ಒತ್ತಡವನ್ನು 150ಕ್ಕೆ 80ರತ್ತ ಇಳಿಸಿದುದರಿಂದ ಮರಣಗಳು ನೂರಕ್ಕೆ 21ರಷ್ಟು ಕಡಮೆಯಾದುವು. ವಯಸ್ಸಾಯಿತೆಂಬ ಕಾರಣದಿಂದ ಚಿಕಿತ್ಸೆಯನ್ನು ನಿರಾಕರಿಸುವುದು ಸರಿಯಲ್ಲವೆಂದು ಇದರಿಂದ ಸಿದ್ಧವಾಗುತ್ತದೆ.

ಆದರೂ ವೃದ್ಧರ ಚಿಕಿತ್ಸೆಯಲ್ಲಿ ಎಚ್ಚರ ಬೇಕು. ಅಳತೆಗೆ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಬೇಕು; ಅರ್ಧ ಗಂಟೆಯಿಂದ ಕಾಫಿ, ಹೊಗೆಸೊಪ್ಪುಗಳನ್ನು ಸೇವಿಸಿರಬಾರದು; ತೋಳು ಹೃದಯದ ಮಟ್ಟದಲ್ಲಿರಬೇಕು. ಬೇರೆ ಬೇರೆ ದಿನಗಳಲ್ಲಿ ಮತ್ತೆ ಮತ್ತೆ 140ಕ್ಕೆ 90 ಅಥವಾ ಅದಕ್ಕೆ ಮೀರಿದ ಅಂಕಿ ಕಂಡರೆ ಅಧಿಕ ಒತ್ತಡವೆಂದು ತಿಳಿಯಬೇಕು. ಎದ್ದು ನಿಂತ ಮೂರು ನಿಮಿಷದೊಳಗಾಗಿ ಮತ್ತೊಮ್ಮೆ ಅಳೆಯುವುದು ಅಗತ್ಯ. ಮೇಲಿನ ಅಂಕಿ 20ರಷ್ಟು ಕುಸಿದರೆ ತಲೆಸುತ್ತಿ ಬಿದ್ದು ಮೂಳೆ ಮುರಿಯುವ ಭಯವುಂಟು. ಆದುದರಿಂದ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸಿ ಮೆಲ್ಲಗೆ ಹೆಚ್ಚಿಸುವುದು ವೈದ್ಯರ ಪದ್ಧತಿ. 140ಕ್ಕೆ ಕೆಳಗೆ ತರುವುದು ಸಾಮಾನ್ಯವಾದ ಗುರಿ. ತೀರ ದುರ್ಬಲರಿಗೆ ಗುರಿಯನ್ನು ಸಡಿಲಿಸಬೇಕಾಗುತ್ತದೆ. ಮಂಡಿನೋವಿಗೆಂದು ಅಂಗಡಿಯಲ್ಲಿ ಕೊಂಡು ನುಂಗುವ ಅನೇಕ ನೋವಿನ ಮಾತ್ರೆಗಳು ಒತ್ತಡವನ್ನು ಏರಿಸುತ್ತವೆ, ಮೂತ್ರಪಿಂಡಗಳನ್ನೂ ಕೆಡಿಸುತ್ತವೆ. ಇದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಉಪ್ಪು ದಿನಕ್ಕೆ ಐದು ಗ್ರಾಮಿಗಿಂತ ಕಡಮೆಯಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದೆಂದರೆ ಒಂದು ಟೀ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳಲ್ಲಿ ಅಡಗಿರುವ ಉಪ್ಪನ್ನೂ ಇದರಲ್ಲಿಯೇ ಎಣಿಸಬೇಕು. ಹೊಗೆಸೊಪ್ಪನ್ನು ಸೇದುವುದಾಗಲಿ ಅಗಿಯುವುದಾಗಲಿ ಹೃದಯಕ್ಕೆ ಹಾನಿಯೇ.

ಅಧಿಕ ಒತ್ತಡಕ್ಕೆ ಸಾಮಾನ್ಯವಾಗಿ ನೋವಿಲ್ಲ, ಲಕ್ಷಣವಿಲ್ಲ. ಆದ್ದರಿಂದಲೇ ಮಾತ್ರೆ ಮುಗಿದಾಗ, ಮೈ ಚೆನ್ನಾಗಿದೆಯಲ್ಲ ಎಂದು ಅನೇಕರು ಬಿಟ್ಟುಬಿಡುತ್ತಾರೆ. ಮಾತ್ರೆಗಾಗಿ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕಾದವನು ಬಿಟ್ಟರೆ ಆಶ್ಚರ್ಯವೇನು? 1981ರಲ್ಲಿ ಡಾ. ಎಚ್. ಸುದರ್ಶನ್ ಈ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಸೇವೆಯ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಒತ್ತಡವನ್ನು ಅಳೆಯುವವರೂ ತಿಂಗಳ ಮಾತ್ರೆಯೂ ಪೋಡಿನ ಸಮೀಪಕ್ಕೆ ಬಂದಲ್ಲದೆ ಪುಸ್ತಕದ ಚಿಕಿತ್ಸೆ ರೋಗಿಯನ್ನು ಮುಟ್ಟಲಾರದು.

ಹೃದಯಾಘಾತದಲ್ಲಿಯಂತೂ ಕಾಲವೇ ಪ್ರಾಣ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಮೊದಲ ಕೆಲವು ಗಂಟೆಗಳಲ್ಲಿ ದೊರೆತರೆ ಹೆಚ್ಚು ಫಲಕಾರಿ. ಬೆಟ್ಟದಿಂದ ಯಳಂದೂರಿಗೆ ಸುಮಾರು 24 ಕಿಲೋಮೀಟರುಗಳ ಘಟ್ಟದ ದಾರಿ. ದೊಡ್ಡ ಹೃದ್ರೋಗ ಚಿಕಿತ್ಸಾಲಯಕ್ಕೆ ಮೈಸೂರಿನವರೆಗೂ ಹೋಗಬೇಕು. ಇದಲ್ಲದೆ ವೃದ್ಧರಲ್ಲಿ ಎದೆನೋವೇ ಇಲ್ಲದಿರಬಹುದು. ಇದ್ದಕ್ಕಿದ್ದಂತೆ ಏದುಸಿರು, ತಣ್ಣನೆಯ ಬೆವರು, ವಿಪರೀತ ನಿಶ್ಶಕ್ತಿ, ಮತಿಭ್ರಮೆ ಇಷ್ಟೇ ಕಾಣಬಹುದು. ಅದನ್ನು ವಾಯುವೆಂದೋ ಮುಪ್ಪಿನ ಆಯಾಸವೆಂದೋ ಬಗೆದು ಬೆಳಗಾಗಲೆಂದು ಕಾಯದೆ, ಕೂಡಲೆ 108ರ ವಾಹನವನ್ನು ಕರೆಯಬೇಕು.

ಮುಪ್ಪನ್ನು ತಡೆಯುವ ಔಷಧವಿಲ್ಲ. ಆದರೆ ಮುಪ್ಪಿನ ಹೆಸರಿನಲ್ಲಿ ನಾವು ಸಹಿಸಿಕೊಂಡು ಬಂದಿರುವ ಈ ವ್ಯಾಧಿಗೆ ಅಗ್ಗವಾದ, ಪರೀಕ್ಷಿತವಾದ ಔಷಧಗಳಿವೆ. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರನ್ನು ಒಮ್ಮೆ ಒತ್ತಡದ ಪರೀಕ್ಷೆಗೆ ಕರೆದೊಯ್ದು, ಅಂಕಿಗಳನ್ನು ಬರೆದಿಟ್ಟುಕೊಂಡು, ಮಾತ್ರೆ ತಪ್ಪದಂತೆ ನೋಡಿಕೊಂಡರೆ ಈ ಜ್ಞಾನವು ಸಾರ್ಥಕವಾಗುತ್ತದೆ.