ಮೊಬೈಲೇ ಗಲ್ಲಾಪೆಟ್ಟಿಗೆ: ಆಫ್ರಿಕಾದ ಗ್ರಾಮೀಣ ಮಹಿಳಾ ವ್ಯಾಪಾರಿಗಳ ಲೆಕ್ಕಾಚಾರ

ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಹಣಕ್ಕೆ ‘ಪೆಸಾ’ ಎಂದೂ ಅಂಗಡಿಗೆ ‘ದುಕಾ’ ಎಂದೂ ಹೆಸರು. ನಮ್ಮ ಪೈಸೆ ಮತ್ತು ದುಕಾನುಗಳ ಬಂಧುಗಳಾದ ಈ ಶಬ್ದಗಳು ಹಿಂದೂ ಮಹಾಸಾಗರದ ಹಳೆಯ ವ್ಯಾಪಾರ ಸಂಬಂಧದ ಕುರುಹುಗಳು. ಕೆನ್ಯಾದ ಸಫಾರಿಕಾಂ ಸಂಸ್ಥೆಯು 2007ರ ಮಾರ್ಚ್ ತಿಂಗಳಲ್ಲಿ ಮೊಬೈಲ್ ದೂರವಾಣಿಯ ಮೂಲಕ ಹಣ ರವಾನಿಸುವ ಸೇವೆಯನ್ನು ಆರಂಭಿಸಿದಾಗ ಅದಕ್ಕೆ ‘ಎಂ-ಪೆಸಾ’ ಎಂದು ಹೆಸರಿಟ್ಟಿತು. ‘ಎಂ’ ಎಂದರೆ ಮೊಬೈಲ್.

ಮಾಹಿತಿ ತಂತ್ರಜ್ಞಾನವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಗಣಕಯಂತ್ರ, ತಂತ್ರಾಂಶ ಮತ್ತು ಬೆಂಗಳೂರಿನ ಗಾಜಿನ ಕಟ್ಟಡಗಳು. ಆದರೆ ಆಫ್ರಿಕಾದ ಹಳ್ಳಿಗಳಲ್ಲಿ ತರಕಾರಿ, ಒಣಮೀನು, ಹಾಲು, ಹಳೆಯ ಬಟ್ಟೆ ಮಾರಿ ಸಂಸಾರ ತೂಗಿಸುವ ಮಹಿಳೆಗೆ ಅದು ಗುಂಡಿಗಳುಳ್ಳ ಒಂದು ಅಗ್ಗದ ಫೋನು ಮತ್ತು ಅದಕ್ಕೆ ಬರುವ ಎಸ್‌ಎಂಎಸ್ ಮಾತ್ರ. ಇಷ್ಟು ಅಲ್ಪ ಸಾಧನದಿಂದ ಆಕೆಯ ಲೆಕ್ಕಪುಸ್ತಕದಲ್ಲಿ ಖರ್ಚಿನ ಯಾವ ಬಾಬ್ತು ಇಳಿಯಿತು, ಯಾವ ಬಾಬ್ತು ಹೊಸದಾಗಿ ಸೇರಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕರೆ ಮಾರುತ್ತಿದ್ದ ಕಾಲ

ಬಾಂಗ್ಲಾದೇಶದಲ್ಲಿ 1997ರಲ್ಲಿ ಆರಂಭವಾದ ಗ್ರಾಮೀಣ ದೂರವಾಣಿ ಯೋಜನೆಯ ಮಾದರಿಯಲ್ಲಿ, ಉಗಾಂಡಾದ ಎಂಟಿಎನ್ ಕಂಪನಿಯು 2003ರಲ್ಲಿ ಗ್ರಾಮೀಣ ಫೌಂಡೇಶನ್ ಜೊತೆಗೂಡಿ ‘ವಿಲೇಜ್ ಫೋನ್’ ಯೋಜನೆಯನ್ನು ಜಾರಿಗೆ ತಂದಿತು. ಕಿರುಸಾಲ ಸಂಸ್ಥೆಯಿಂದ ಸಾಲ ಪಡೆದವರಿಗೆ ಒಂದು ಫೋನು, ದೂರದ ಗೋಪುರದ ಸಂಕೇತವನ್ನು ಹಿಡಿಯಬಲ್ಲ ಆಂಟೆನಾ ಮತ್ತು ವಿದ್ಯುತ್ತಿಲ್ಲದ ಊರಿಗೆ ಅನುಕೂಲವಾಗುವಂತೆ ಕಾರಿನ ಬ್ಯಾಟರಿ ದೊರೆಯುತ್ತಿದ್ದವು. ಇವರಲ್ಲಿ ಅನೇಕರು ಮಹಿಳೆಯರು. ಊರಿನವರಿಗೆ ಕರೆಯ ಸಮಯವನ್ನು ಮಾರಿ, ಬಂದ ಲಾಭದಿಂದ ಕಂತು ಕಟ್ಟುವುದು ಇದರ ಕ್ರಮ. ನಮ್ಮ ಎಸ್‌ಟಿಡಿ ಬೂತುಗಳನ್ನು ಕಂಡವರಿಗೆ ಇದರ ಮುಂದಿನ ಕಥೆಯನ್ನು ವಿವರಿಸಬೇಕಾಗಿಲ್ಲ. ಎಲ್ಲರ ಕೈಗೂ ಫೋನು ಬಂದೊಡನೆ ಕರೆ ಮಾರುವವರಿಗೆ ಗಿರಾಕಿಗಳು ಕಡಿಮೆಯಾದರು. ಫೋನನ್ನು ಬಾಡಿಗೆಗೆ ಕೊಡುವುದಕ್ಕಿಂತ ಅದನ್ನು ತಮ್ಮ ವ್ಯಾಪಾರದಲ್ಲಿ ತೊಡಗಿಸುವುದೇ ಹೆಚ್ಚು ಬಾಳಿಕೆಯ ಮಾರ್ಗವೆಂಬುದು ಅನಂತರ ಸ್ಪಷ್ಟವಾಯಿತು.

ಎರಡು ಗಲ್ಲಾಗಳ ಅಂಗಡಿ

ಎಂ-ಪೆಸಾದ ಹುಟ್ಟು ಸ್ವಾರಸ್ಯಕರವಾದುದು. 2005ರಲ್ಲಿ ಪ್ರಾಯೋಗಿಕವಾಗಿ ನಡೆದಾಗ ಅದರ ಉದ್ದೇಶ ಕಿರುಸಾಲದ ಕಂತುಗಳನ್ನು ಫೋನಿನ ಮೂಲಕ ಕಟ್ಟಿಸಿಕೊಳ್ಳುವುದಷ್ಟೇ ಆಗಿತ್ತು. ಆದರೆ ಗ್ರಾಹಕರು ಅದನ್ನು ಪರಸ್ಪರ ಹಣ ಕಳುಹಿಸಲು ಬಳಸತೊಡಗಿದರು. ಕಂಪನಿಯು ಗ್ರಾಹಕರನ್ನು ತಿದ್ದಲು ಹೋಗದೆ ತನ್ನ ಯೋಜನೆಯನ್ನೇ ತಿದ್ದಿಕೊಂಡಿತು. ಎರಡು ವರ್ಷಗಳ ಅನಂತರ ಸೇವೆಯು ಮಾರುಕಟ್ಟೆಗೆ ಬಂದದ್ದು ‘ಮನೆಗೆ ಹಣ ಕಳುಹಿಸಿ’ ಎಂಬ ಘೋಷಣೆಯೊಂದಿಗೆ.

ಇದಕ್ಕೆ ಮುನ್ನ ಊರಿಗೆ ಹಣ ಕಳುಹಿಸಬೇಕಾದವರು ಬಸ್ಸಿನ ಚಾಲಕನನ್ನೋ ಪರಿಚಯಸ್ಥರನ್ನೋ ನಂಬಬೇಕಾಗಿತ್ತು. ಸರಕು ತರಲು ಪಟ್ಟಣಕ್ಕೆ ಹೋಗುವ ಮಹಿಳೆ ನಗದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಹೋಗಬೇಕು. ಒಂದು ದಿನದ ವ್ಯಾಪಾರ ನಷ್ಟ, ಬಸ್ ಚಾರ್ಜು ಬೇರೆ, ಕಳ್ಳರ ಭಯ ಬೇರೆ. ಸಗಟು ವ್ಯಾಪಾರಿಗೆ ಫೋನಿನಲ್ಲೇ ಹಣ ಕಳುಹಿಸಿ ಸರಕನ್ನು ವಾಹನದಲ್ಲಿ ತರಿಸಿಕೊಳ್ಳುವುದು ಸಾಧ್ಯವಾದಾಗ ಈ ಮೂರೂ ಬಾಬ್ತುಗಳು ಇಳಿದವು.

ಫೋನಿನಲ್ಲಿರುವ ಅಂಕಿಯನ್ನು ನಗದಾಗಿಸುವವನು ಏಜೆಂಟ್, ಅಂದರೆ ಊರಿನ ದುಕಾ ನಡೆಸುವವನೇ. ಈ ವ್ಯವಸ್ಥೆಯ ನಿಜವಾದ ಯಂತ್ರ ಇವನೆಂದು ನನ್ನ ಅಭಿಪ್ರಾಯ. ಏಜೆಂಟನು ಎರಡು ಗಲ್ಲಾಗಳನ್ನು ನಿಭಾಯಿಸಬೇಕು. ಒಂದರಲ್ಲಿ ನಗದು, ಇನ್ನೊಂದರಲ್ಲಿ ಮುಂಗಡವಾಗಿ ಕೊಂಡ ವಿದ್ಯುನ್ಮಾನ ಹಣ. ಸಂತೆಯ ದಿನ ಎಲ್ಲರೂ ನಗದು ಕೇಳಿದರೆ ಮೊದಲನೆಯದು ಬರಿದಾಗುತ್ತದೆ. ಬೆಳೆಯ ಹಣ ಬಂದು ಎಲ್ಲರೂ ಜಮಾ ಮಾಡಲು ಬಂದರೆ ಎರಡನೆಯದು ಬರಿದಾಗುತ್ತದೆ. ಎರಡರಲ್ಲಿ ಯಾವುದು ಬರಿದಾದರೂ ಆ ಹೊತ್ತಿನ ಕಮಿಷನ್ ಕೈತಪ್ಪಿದಂತೆಯೇ. ಸಾಕಷ್ಟು ದುಡಿಯುವ ಬಂಡವಾಳವಿಲ್ಲದೆ ಈ ಏಜೆನ್ಸಿ ನಡೆಯದು. ಆದುದರಿಂದ ಈ ಕೆಲಸಕ್ಕೆ ಕೈಹಾಕುವ ಮಹಿಳೆಯರು ಸಾಮಾನ್ಯವಾಗಿ ಅದನ್ನು ದಿನಸಿ ಅಂಗಡಿಯ ಜೊತೆಗೇ ನಡೆಸುತ್ತಾರೆ. ಹಣಕ್ಕೆ ಬಂದವರು ಸಕ್ಕರೆಯನ್ನೂ ಒಯ್ಯುತ್ತಾರೆ.

ಲಾಭದ ಬಾಬ್ತು

ಅರ್ಥಶಾಸ್ತ್ರಜ್ಞರಾದ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಂ-ಪೆಸಾ ದೊರೆತುದರಿಂದ ಕೆನ್ಯಾದ ಸುಮಾರು 1,94,000 ಕುಟುಂಬಗಳು, ಅಂದರೆ ಒಟ್ಟು ಕುಟುಂಬಗಳ ಶೇ. 2ರಷ್ಟು, ಬಡತನದ ರೇಖೆಯನ್ನು ದಾಟಿದವು. ಅದಕ್ಕಿಂತ ಗಮನಾರ್ಹವಾದುದು ಇನ್ನೊಂದು ಅಂಕಿ. ಸುಮಾರು 1,85,000 ಮಹಿಳೆಯರು ಹೊಟ್ಟೆಪಾಡಿನ ಬೇಸಾಯವನ್ನು ಬಿಟ್ಟು ಚಿಲ್ಲರೆ ವ್ಯಾಪಾರ ಅಥವಾ ಸಣ್ಣ ಉದ್ದಿಮೆಯನ್ನು ಮುಖ್ಯ ಕಸುಬಾಗಿಸಿಕೊಂಡರು. ಮಹಿಳೆಯೇ ಯಜಮಾನಿಯಾಗಿದ್ದ ಕುಟುಂಬಗಳಲ್ಲಿ ಈ ಪರಿಣಾಮ ಹೆಚ್ಚು ಕಂಡುಬಂದಿತು.

ಕಾರಣವೇನೆಂಬ ಪ್ರಶ್ನೆಗೆ ನೆರೆಯ ಉಗಾಂಡಾದಲ್ಲಿ ನಡೆದ ಪ್ರಯೋಗವೊಂದು ಭಾಗಶಃ ಉತ್ತರ ನೀಡುತ್ತದೆ. ಅಲ್ಲಿ ಬ್ರಾಕ್ ಕಿರುಸಾಲ ಸಂಸ್ಥೆಯ ಸುಮಾರು 3,000 ಮಹಿಳಾ ಸಾಲಗಾರರನ್ನು ಆಯ್ದುಕೊಂಡು, ಕೆಲವರಿಗೆ ಸಾಲವನ್ನು ಎಂದಿನಂತೆ ನಗದಾಗಿಯೂ ಕೆಲವರಿಗೆ ಮೊಬೈಲ್ ಖಾತೆಗೂ ನೀಡಲಾಯಿತು. ಸಾಲದ ಮೊತ್ತದಲ್ಲಿ ವ್ಯತ್ಯಾಸವಿರಲಿಲ್ಲ. ಎಂಟು ತಿಂಗಳ ಅನಂತರ ನೋಡಿದಾಗ, ಮೊಬೈಲ್ ಖಾತೆಯಲ್ಲಿ ಸಾಲ ಪಡೆದವರ ಲಾಭವು ಶೇ. 15ರಷ್ಟೂ ವ್ಯಾಪಾರದ ಬಂಡವಾಳವು ಶೇ. 11ರಷ್ಟೂ ಅಧಿಕವಾಗಿತ್ತು. ಹಣಕ್ಕಾಗಿ ಮನೆಯವರ ಒತ್ತಾಯ ಎದುರಿಸುತ್ತಿದ್ದವರಿಗೇ ಹೆಚ್ಚಿನ ಪ್ರಯೋಜನವಾಗಿತ್ತು. ಡಬ್ಬಿಯಲ್ಲಿರುವ ನೋಟು ಗಂಡನಿಗೆ, ಮೈದುನನಿಗೆ, ಕೇಳಲು ಬಂದ ನೆಂಟರಿಗೆ ಕಾಣುತ್ತದೆ. ಗುಪ್ತಸಂಖ್ಯೆಯ ಹಿಂದಿರುವ ಹಣ ಕಾಣುವುದಿಲ್ಲ. ಮಾಲೀಕನ ಹಣವನ್ನೂ ಅಂಗಡಿಯ ಹಣವನ್ನೂ ಬೇರ್ಪಡಿಸಿ ಎಂದು ನಾವು ಲೆಕ್ಕಪರಿಶೋಧಕರು ನಮ್ಮ ಕಕ್ಷಿದಾರರಿಗೆ ವರ್ಷವರ್ಷವೂ ಉಪದೇಶಿಸುತ್ತೇವೆ. ಉಪದೇಶದಿಂದ ಆಗದ ಕೆಲಸ ಇಲ್ಲಿ ಒಂದು ಪಿನ್‌ನಿಂದ ಆಗಿದೆ.

ಸಂಘಗಳ ವಿಷಯವೂ ಹೀಗೆಯೇ. ನೈಜರ್ ದೇಶದಲ್ಲಿ 1991ರಲ್ಲಿ ಕೇರ್ ಸಂಸ್ಥೆಯು ಆರಂಭಿಸಿದ ಉಳಿತಾಯ ಗುಂಪುಗಳು ಮೂರು ಬೀಗಗಳ ಪೆಟ್ಟಿಗೆಗೆ ಪ್ರಸಿದ್ಧವಾಗಿವೆ; ಮೂರು ಕೀಲಿಗಳು ಮೂವರ ಬಳಿ. ಕೆನ್ಯಾದಲ್ಲಿ ಇಂತಹ ಗುಂಪಿಗೆ ‘ಚಾಮಾ’ ಎನ್ನುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘ ಮತ್ತು ಚೀಟಿ ವ್ಯವಹಾರಗಳೆರಡರ ಗುಣವೂ ಅದರಲ್ಲಿದೆ. ವಂತಿಗೆಯು ಫೋನಿನಲ್ಲಿ ಬರತೊಡಗಿದ ಮೇಲೆ, ಯಾರು ಎಂದು ಎಷ್ಟು ಕಟ್ಟಿದರೆಂಬುದಕ್ಕೆ ಎಸ್‌ಎಂಎಸ್ ಸಂದೇಶವೇ ವೋಚರಾಯಿತು.

ಮಾಹಿತಿ ಸೇವೆಗಳಲ್ಲಿ ಕೆನ್ಯಾದ ಕೃಷಿಕ ಮಹಿಳೆ ಸು ಕಹುಂಬು ಅವರು ರೂಪಿಸಿದ, 2010ರಲ್ಲಿ ಪ್ರಶಸ್ತಿ ಪಡೆದ ‘ಐಕೌ’ ಉಲ್ಲೇಖಾರ್ಹವಾದುದು. ಹಸುವಿಗೆ ಗರ್ಭಧಾರಣೆಯಾದ ದಿನಾಂಕವನ್ನು ನೋಂದಾಯಿಸಿದರೆ, ಮುಂದಿನ ಪಾಲನೆಯ ಸೂಚನೆಗಳು ಆಯಾ ಕಾಲಕ್ಕೆ ಸಾಧಾರಣ ಫೋನಿಗೇ ಬರುತ್ತಿದ್ದವು.

ಖರ್ಚಿನ ಬಾಬ್ತು

ಇನ್ನು ಪುಟದ ಇನ್ನೊಂದು ಬದಿ. ನಮ್ಮಲ್ಲಿ ವೊಡಾಫೋನ್ ಸಂಸ್ಥೆಯು 2013ರಲ್ಲಿ ತಂದ ಎಂ-ಪೆಸಾ 2019ರಲ್ಲಿ ಮುಚ್ಚಿತು. 2016ರಲ್ಲಿ ಬಂದ ಯುಪಿಐ ಎಲ್ಲೆಡೆ ಹರಡಿತು. ಹೂ ಮಾರುವವಳಿಗೆ ಹತ್ತು ರೂಪಾಯಿ ಪಾವತಿಸುವ ಗ್ರಾಹಕನಿಗೆ ಇಲ್ಲಿ ಶುಲ್ಕವಿಲ್ಲ. ಆಫ್ರಿಕಾದ ಮೊಬೈಲ್ ಹಣವಾದರೋ ಶುಲ್ಕದ ಆಧಾರದ ಮೇಲೆಯೇ ಬೆಳೆದಿರುವ ವ್ಯವಹಾರ. 2010ರಲ್ಲಿ ಜೈನ್ ಕಂಪನಿಯ ಆಫ್ರಿಕಾ ವಹಿವಾಟನ್ನು ಕೊಂಡು ಆ ಖಂಡಕ್ಕೆ ಕಾಲಿಟ್ಟ ನಮ್ಮ ಏರ್‌ಟೆಲ್ ಕೂಡ ಅಲ್ಲಿ ಇದೇ ವ್ಯವಹಾರದಲ್ಲಿದೆ. ಕಳುಹಿಸಲು ಶುಲ್ಕ, ನಗದಾಗಿಸಲು ಶುಲ್ಕ. ಮೊತ್ತ ಸಣ್ಣದಾದಷ್ಟೂ ಶುಲ್ಕದ ಪ್ರಮಾಣ ಹೆಚ್ಚಾಗಿ ಬೀಳುವುದು ಇಂತಹ ದರಪಟ್ಟಿಗಳ ಸ್ವಭಾವ.

ಸಾಲವು ಇನ್ನೂ ದುಬಾರಿ. 2012ರ ನವೆಂಬರ್‌ನಲ್ಲಿ ಆರಂಭವಾದ ‘ಎಂ-ಶ್ವಾರಿ’ ಸೇವೆಯು ಫೋನಿನ ಬಳಕೆಯ ದಾಖಲೆಯನ್ನೇ ಆಧಾರವಾಗಿಟ್ಟುಕೊಂಡು, ಜಾಮೀನಿಲ್ಲದೆ, ನಿಮಿಷಗಳಲ್ಲಿ ಸಾಲ ನೀಡತೊಡಗಿತು. 30 ದಿನಗಳ ಸಾಲಕ್ಕೆ ಆಗ ವಿಧಿಸಿದ್ದು ಶೇ. 7.5. ಅದನ್ನು ಬಡ್ಡಿ ಎನ್ನದೆ ‘ಸೇವಾ ಶುಲ್ಕ’ ಎಂದು ಕರೆಯಲಾಯಿತು. ತಿಂಗಳು ತಿಂಗಳೂ ಹೊಸ ಸಾಲ ಎತ್ತಿದರೆ ಸರಳ ಲೆಕ್ಕದಲ್ಲಿ ವರ್ಷಕ್ಕೆ ಶೇ. 90, ಚಕ್ರಬಡ್ಡಿಯ ಲೆಕ್ಕದಲ್ಲಿ ಸುಮಾರು ಶೇ. 138. ಬೆಳಗ್ಗೆ ತಂದ ಟೊಮೇಟೊವನ್ನು ಸಂಜೆಯೊಳಗೆ ಮಾರಿ, ದಿನಕ್ಕೊಮ್ಮೆ ಬಂಡವಾಳ ತಿರುಗಿಸುವವಳು ಇದನ್ನು ತಡೆದುಕೊಳ್ಳಬಲ್ಲಳು. ಬಟ್ಟೆಯ ಗಂಟು ಕೊಂಡು ಮೂರು ತಿಂಗಳು ಮಾರುವವಳು ತಡೆದುಕೊಳ್ಳಲಾರಳು. ಸಾಲ ನೀಡುವ ಯಂತ್ರಕ್ಕೆ ಈ ಇಬ್ಬರ ನಡುವಿನ ವ್ಯತ್ಯಾಸ ತಿಳಿಯದು.

ಕೊನೆಯದಾಗಿ ತೆರಿಗೆ. ಕೆನ್ಯಾ ಸರ್ಕಾರವು ಕಂಪನಿ ಪಡೆಯುವ ಶುಲ್ಕದ ಮೇಲೆ ಸುಂಕ ಹಾಕಿತು. ಉಗಾಂಡಾ ಸರ್ಕಾರವು 2018ರ ಜುಲೈನಲ್ಲಿ ಹಣದ ಮೊತ್ತದ ಮೇಲೆಯೇ ಶೇ. 1ರ ತೆರಿಗೆ ಹಾಕಿತು. ಎರಡರ ನಡುವಿನ ಅಂತರವನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲವಾದರೂ ಒಂದು ಉದಾಹರಣೆ ನೋಡೋಣ. 10,000 ಶಿಲ್ಲಿಂಗ್ ಮಾರಾಟದಲ್ಲಿ 500 ಲಾಭ ಉಳಿಯುವ ಅಂಗಡಿಯಾದರೆ, ಮಾರಾಟದ ಹಣವನ್ನು ಒಮ್ಮೆ ಫೋನಿನಿಂದ ತೆಗೆದಾಗಲೇ 100 ಶಿಲ್ಲಿಂಗ್ ಹೋಯಿತು. ಅಂದರೆ ಲಾಭದ ಐದನೆಯ ಒಂದು ಭಾಗ. ನಮ್ಮಲ್ಲಿ 2005ರಿಂದ 2009ರವರೆಗೆ ಇದ್ದ ಬ್ಯಾಂಕ್ ನಗದು ವ್ಯವಹಾರ ತೆರಿಗೆಯ ದರ ಶೇ. 0.1 ಮಾತ್ರ. ಸಣ್ಣ ಮೊತ್ತಗಳಿಗೆ ಅದು ಅನ್ವಯಿಸುತ್ತಲೂ ಇರಲಿಲ್ಲ. ಆದರೂ ಅದರ ವಿರುದ್ಧ ನಾವು ಎಷ್ಟು ಗೊಣಗಿದೆವೆಂಬುದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಉಗಾಂಡಾದಲ್ಲಿ ಪ್ರತಿಭಟನೆಗಳಾಗಿ, ಅದೇ ವರ್ಷದ ಕೊನೆಗೆ ದರವನ್ನು ಶೇ. 0.5ಕ್ಕೆ ಇಳಿಸಿ, ನಗದು ಹಿಂಪಡೆಯುವಿಕೆಗೆ ಸೀಮಿತಗೊಳಿಸಲಾಯಿತು. ಘಾನಾ ದೇಶವು ಈ ಅನುಭವವನ್ನು ಕಂಡೂ 2022ರ ಮೇ ತಿಂಗಳಲ್ಲಿ ಶೇ. 1.5ರ ತೆರಿಗೆ ಹೇರಿತು, 2023ರಲ್ಲಿ ಶೇ. 1ಕ್ಕೆ ಇಳಿಸಿತು, 2025ರ ಏಪ್ರಿಲ್‌ನಲ್ಲಿ ಪೂರ್ತಿಯಾಗಿ ರದ್ದುಪಡಿಸಿತು.